ಬೀಗ ತೆಗೆಯದ ಮನೆಗೆ ಎಷ್ಟು ಕೂಗುವುದು?

ಬ್ಯಾಂಕಿನ ಹರಾಜು ಪ್ರಕಟಣೆ ಕಂಡರೆ ಕಣ್ಣು ಮೊದಲು ಹೋಗುವುದು ಮೀಸಲು ಬೆಲೆಯತ್ತ. ಸೇಲಂ, ಧರ್ಮಪುರಿ ಕಡೆ ಅಗ್ಗದ ಮನೆ ಹುಡುಕುವವರು ಅದಕ್ಕೂ ಮೊದಲು ಸ್ವಾಧೀನ ಭೌತಿಕವೋ ಸಾಂಕೇತಿಕವೋ ನೋಡಲಿ. ಭೌತಿಕವಾದರೆ ಬೀಗದ ಕೈ ಬ್ಯಾಂಕಿನಲ್ಲಿದೆ, ಕೇಳಿ ಒಳಗೆ ನೋಡಬಹುದು. ಸಾಂಕೇತಿಕವಾದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ, ಅಷ್ಟೆ. ಒಳಗೆ ಸಾಲಗಾರನ ಸಂಸಾರವೇ ಇರಬಹುದು. ಅವರನ್ನು ಬಿಡಿಸಲು ಸರ್ಫೇಸಿ ಕಾಯ್ದೆಯ 14ನೇ ಕಲಮಿನಡಿ ಆದೇಶ ಬೇಕು. ಕಾಯ್ದೆಯ ಗಡುವು ಹೆಚ್ಚೆಂದರೆ 60 ದಿನ. ಅದು ಕಾಗದದ ಮಾತು. ಸಾಲಗಾರ ಕೊಯಮತ್ತೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯ ಮೆಟ್ಟಿಲೇರಿದರೆ ಇನ್ನೂ ಎಳೆಯುತ್ತದೆ.

ಹಾಗಾಗಿ ಲೆಕ್ಕವನ್ನು ಪೇಟೆ ಬೆಲೆಯಿಂದ ಕಳೆಯುತ್ತ ಬರಬೇಕು. ಅಂಥದೇ ಮನೆ ಧರ್ಮಪುರಿಯಲ್ಲಿ, ಬೀಗದ ಕೈ ಸಮೇತ, 40 ಲಕ್ಷಕ್ಕೆ ಸಿಗುತ್ತದೆ ಎನ್ನೋಣ. ಕಾಣದ ಒಳಭಾಗದ ರಿಪೇರಿಗೆ ನಾನಾದರೆ 4 ಲಕ್ಷ ಕಳೆಯುತ್ತೇನೆ. ಮನೆ ಕೈಗೆ ಬರಲು ಒಂದೂವರೆ ವರ್ಷ ಹಿಡಿದರೆ ಬಡ್ಡಿಯೇ ಇನ್ನೊಂದು 4 ಲಕ್ಷ. ವಕೀಲರು, ಮನೆಗಂದಾಯ, ಕರೆಂಟ್ ಬಾಕಿಗೆ 2 ಲಕ್ಷ. ಉಳಿದದ್ದು 30. (ನೋಂದಣಿ ಖರ್ಚು ಹೇಗೆ ಕೊಂಡರೂ ಇದ್ದದ್ದೇ.) ಮೀಸಲು ಬೆಲೆ 34 ಇದ್ದರೆ ಸುಮ್ಮನಿರಿ, ಯಾರೂ ಕೂಗದ ಮನೆಯನ್ನು ಬೆಲೆ ಇಳಿಸಿ ಮತ್ತೆ ಹರಾಜಿಗಿಡುವುದು ಬ್ಯಾಂಕುಗಳ ರೂಢಿ.

ಕರೆಂಟ್ ಬಾಕಿ ಕ್ಷುಲ್ಲಕವಲ್ಲ. ‘ಇದ್ದಲ್ಲಿ, ಇದ್ದ ಹಾಗೆ’ ಹರಾಜಾದ ಆಸ್ತಿಯ ಹಳೆಯ ಬಾಕಿಯನ್ನು, ನಿಯಮದಲ್ಲಿ ಅವಕಾಶವಿದ್ದರೆ, ಕೊಂಡವರಿಂದಲೇ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಸೇಲಂನಲ್ಲಿ ವಿದ್ಯುತ್ ಮಗ್ಗ ಓಡಿದ ಮನೆಯಾದರೆ ಈ ಬಾಕಿ ಎಷ್ಟಿದೆಯೋ ವಿಚಾರಿಸಲೇಬೇಕು. ದೇವಾಂಗ ನೇಕಾರರ ಕೇರಿಯಾದರೆ ಅಕ್ಕಪಕ್ಕದವರನ್ನು ಕನ್ನಡದಲ್ಲೇ ಮಾತಾಡಿಸಬಹುದು: ಮನೆಯಲ್ಲಿ ಯಾರಿದ್ದಾರೆ, ದಾಯಾದಿಗಳ ತಕರಾರಿದೆಯೇ, ಮಳೆ ಬಂದರೆ ಸೋರುತ್ತದೆಯೇ. ವಿಲ್ಲಂಗ ಪತ್ರವನ್ನು, ಅಂದರೆ ನಮ್ಮ ಇ.ಸಿ.ಯನ್ನು, ತಮಿಳುನಾಡು ನೋಂದಣಿ ಇಲಾಖೆಯ ಜಾಲತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು. ನಿವೇಶನಕ್ಕೆ ಬಡಾವಣೆ ಅನುಮೋದನೆ ಇದೆಯೇ ಎಂಬುದನ್ನು ಮಾತ್ರ ಬೇರೆಯೇ ಕೇಳಿ ತಿಳಿಯಬೇಕು.

ಕೂಗು ನಿಮ್ಮ ಪಾಲಾದರೆ ಅಂದೇ ಅಥವಾ ಮರುದಿನ ಶೇ 25 ಕಟ್ಟಬೇಕು, ಉಳಿದದ್ದನ್ನು ಮಾರಾಟ ಖಾಯಂ ಆದ 15 ದಿನದೊಳಗೆ. ಬ್ಯಾಂಕು ಬರೆದುಕೊಟ್ಟರೆ ಗರಿಷ್ಠ ಮೂರು ತಿಂಗಳು. ತಮಿಳುನಾಡಿನ ಖರೀದಿದಾರರೊಬ್ಬರು ಸೆಂಟ್ರಲ್ ಬ್ಯಾಂಕಿನ ಹರಾಜಿನಲ್ಲಿ 12.27 ಕೋಟಿಗೆ ಕೂಗಿ, ಬಾಕಿ ಹೊಂದಿಸಲಾಗದೆ, ಕಟ್ಟಿದ್ದ 3 ಕೋಟಿ ಚಿಲ್ಲರೆ ಕಳೆದುಕೊಂಡರು. ಬಹುಪಾಲು ಹಿಂದಿರುಗಿಸಿ ಎಂದಿದ್ದ ಮದ್ರಾಸ್ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ಗೃಹಸಾಲ ನೆಚ್ಚಿ ಕೂಗುವವರು ಠೇವಣಿ ಕಟ್ಟುವ ಮೊದಲೇ ಮಂಜೂರಾತಿ ಪತ್ರ ಪಡೆದಿರಲಿ. ಸಾಂಕೇತಿಕ ಸ್ವಾಧೀನದ ಮನೆಯೆಂದರೆ ಸಾಲ ಕೊಡುವವರೂ ಹಿಂದೆಮುಂದೆ ನೋಡುತ್ತಾರೆ.