ಪೋಲಿಯೋ ವೈರಾಣು ಪತ್ತೆ: ಮಲದ ಮಾದರಿಯ ಪರೀಕ್ಷಾ ವಿಧಾನ

15 ವರ್ಷದೊಳಗಿನ ಮಗುವಿನ ಕೈ ಅಥವಾ ಕಾಲು ಏಕಾಏಕಿ ಬಲಹೀನವಾಗಿ ಜೋತುಬಿದ್ದಲ್ಲಿ, ವೈದ್ಯರ ಅನುಮಾನ ಬೇರೆ ಕಾಯಿಲೆಯ ಮೇಲಿದ್ದರೂ, ಮಲದ ಮಾದರಿಯನ್ನು ಪೋಲಿಯೋ ಪರೀಕ್ಷೆಗೆ ಕಳುಹಿಸಲಾಗುತ್ತದೆ. 2014ರ ಮಾರ್ಚ್ 27ರಂದು ಭಾರತವು ಪೋಲಿಯೋ ಮುಕ್ತವೆಂದು ಪ್ರಮಾಣೀಕೃತವಾಗಿದ್ದರೂ, ನೆರೆಯ ಪಾಕಿಸ್ತಾನ ಮತ್ತು ಆಫ್ಘಾನಿಸ್ತಾನಗಳಲ್ಲಿ ವೈರಾಣು ಇನ್ನೂ ಉಳಿದಿರುವುದರಿಂದ ಈ ಕಣ್ಗಾವಲನ್ನು ಮುಂದುವರಿಸಲಾಗಿದೆ. ಎರಡು ಮಾದರಿಗಳೇಕೆ, ವರದಿಗೆ ಇಷ್ಟು ದಿನಗಳೇಕೆ ಎಂಬುದು ಪೋಷಕರ ಸಹಜ ಪ್ರಶ್ನೆ.

ವೈರಾಣುವು ಜೀವಂತ ಕೋಶದ ಹೊರಗೆ ಬೆಳೆಯುವುದಿಲ್ಲ. ಹಿಂದೆ ಪೋಲಿಯೋ ಅಧ್ಯಯನಕ್ಕೆ ಮಂಗಗಳನ್ನೇ ಅವಲಂಬಿಸಬೇಕಾಗಿತ್ತು. 1949ರಲ್ಲಿ ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಅವರು ನರಮಂಡಲಕ್ಕೆ ಸೇರದ ಅಂಗಾಂಶಗಳಲ್ಲಿಯೂ ಅದನ್ನು ಬೆಳೆಸಿ ತೋರಿಸಿದರು. 1954ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿನ ಜೀವಕೋಶ ಕೃಷಿ ಪರೀಕ್ಷೆಗೆ ಅದೇ ತಳಹದಿ.

ಪ್ರಯೋಗಾಲಯದಲ್ಲಿ ಮಾದರಿಯನ್ನು ಮೊದಲು ಕ್ಲೋರೋಫಾರ್ಮ್‌ನೊಂದಿಗೆ ಕಲಕಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ತಿಳಿಯನ್ನು ಬೇರ್ಪಡಿಸುತ್ತಾರೆ. ಇದರಿಂದ ಬ್ಯಾಕ್ಟೀರಿಯಾ ಹಾಗೂ ಶಿಲೀಂಧ್ರಗಳು ನಾಶವಾಗುತ್ತವೆ, ಗುಂಪುಗೂಡಿದ ವೈರಾಣುಗಳು ಬಿಡಿಬಿಡಿಯಾಗುತ್ತವೆ. ಕೊಬ್ಬಿನ ಹೊದಿಕೆಯಿಲ್ಲದ ಪೋಲಿಯೋ ವೈರಾಣುವಿಗೆ ಮಾತ್ರ ಧಕ್ಕೆಯಾಗುವುದಿಲ್ಲ.

ನಂತರ ತಿಳಿಯನ್ನು ಎರಡು ಬಗೆಯ ಕೋಶಗಳಿಗೆ ಸೇರಿಸಿ 36 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಲಾಗುತ್ತದೆ. ಮಾನವ ಮೂಲದ ಆರ್‌ಡಿ ಕೋಶಗಳಲ್ಲಿ ಪೋಲಿಯೋ ಅಲ್ಲದೆ ಕರುಳಿನ ಇನ್ನೂ ಹಲವು ವೈರಾಣುಗಳು ಬೆಳೆಯುತ್ತವೆ. ಎಲ್20ಬಿ ಎಂಬುದು ಇಲಿಯ ಕೋಶ. ಇಲಿಗೆ ಪೋಲಿಯೋ ಸಹಜವಾಗಿ ತಗುಲುವುದಿಲ್ಲ. ಆದರೆ ಪೋಲಿಯೋ ವೈರಾಣು ಅಂಟಿಕೊಳ್ಳುವ ಮಾನವ ಗ್ರಾಹಕದ ವಂಶವಾಹಿಯನ್ನು ಈ ಕೋಶಕ್ಕೆ ಸೇರಿಸಲಾಗಿದೆ. ಹೀಗಾಗಿ ಇದು ಬಹುಮಟ್ಟಿಗೆ ಪೋಲಿಯೋಗೆ ಮಾತ್ರ ತೆರೆದ ಬಾಗಿಲು. ಸೋಂಕು ತಗುಲಿದ ಕೋಶಗಳು ದುಂಡಗಾಗಿ ಗಾಜಿನಿಂದ ಕಳಚಿಕೊಳ್ಳುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಐದು ದಿನಗಳಲ್ಲಿ ಏನೂ ಕಾಣದಿದ್ದರೆ ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ. ಆ ದ್ರವವನ್ನು ಹೊಸ ಕೋಶಗಳಿಗೆ ದಾಟಿಸಿ ಮತ್ತೆ ಐದು ದಿನ ಕಾಯುತ್ತಾರೆ. ಅತ್ಯಲ್ಪ ಸಂಖ್ಯೆಯಲ್ಲಿದ್ದ ವೈರಾಣು ಅಷ್ಟರಲ್ಲಿ ವೃದ್ಧಿಯಾಗುತ್ತದೆ. ಆರ್‌ಡಿಯಲ್ಲಿ ಬೆಳೆದದ್ದನ್ನು ಎಲ್20ಬಿಗೆ ದಾಟಿಸುವುದೂ ಕಡ್ಡಾಯ. ವೇಗವಾಗಿ ಬೆಳೆಯುವ ಬೇರೊಂದು ವೈರಾಣುವಿನ ಮರೆಯಲ್ಲಿ ಪೋಲಿಯೋ ಅಡಗಿರಬಹುದು. ಎಲ್20ಬಿಯಲ್ಲಿ ಬೆಳೆದದ್ದನ್ನು ಆರ್‌ಡಿಗೆ ದಾಟಿಸಿ ದೃಢಪಡಿಸಿಕೊಂಡು, ಅದು ಕಾಡು ತಳಿಯೋ ಲಸಿಕೆಯ ತಳಿಯೋ ಎಂಬುದನ್ನು ಪಿಸಿಆರ್ ಪರೀಕ್ಷೆಯಿಂದ ನಿರ್ಧರಿಸಲಾಗುತ್ತದೆ. ಆದ್ದರಿಂದ ವಿಳಂಬವನ್ನು ಅಲಕ್ಷ್ಯವೆಂದು ಭಾವಿಸುವುದು ಸರಿಯಲ್ಲ.

ಇಷ್ಟೆಲ್ಲ ಕ್ರಮಗಳೂ ವೈರಾಣು ಜೀವಂತವಾಗಿ ತಲುಪಿದರೆ ಮಾತ್ರ ಸಾರ್ಥಕ. ಅದು ಮಲದಲ್ಲಿ ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವಾದ್ದರಿಂದ, ಬಲಹೀನತೆ ಕಾಣಿಸಿಕೊಂಡ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಮಾದರಿಗಳನ್ನು ಸಂಗ್ರಹಿಸತಕ್ಕದ್ದು. ಪ್ರತಿಯೊಂದೂ ಸುಮಾರು 8 ಗ್ರಾಂ, ಅಂದರೆ ದೊಡ್ಡವರ ಹೆಬ್ಬೆರಳಿನಷ್ಟು ಇರಬೇಕು. ಪ್ರಯೋಗಾಲಯ ಸೇರುವವರೆಗೂ 8 ಡಿಗ್ರಿಗಿಂತ ಕಡಿಮೆ ಉಷ್ಣತೆಯ ಹಿಮಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ಬಿಸಿಲಿಗೆ ಸಿಕ್ಕಿ ಕೆಟ್ಟ ಮಾದರಿಯಲ್ಲಿ ವೈರಾಣು ಕಾಣದಿದ್ದರೆ, ಅದರಿಂದ ಪೋಲಿಯೋ ಇಲ್ಲವೆಂದು ಹೇಳಲು ಬರುವುದಿಲ್ಲ. ಅಂತಹ ಮಗುವನ್ನು 60 ದಿನಗಳ ನಂತರ ಪುನಃ ಪರೀಕ್ಷಿಸಬೇಕಾಗುತ್ತದೆ. ಬಲಹೀನತೆ ಉಳಿದಿದ್ದಲ್ಲಿ ತಜ್ಞರ ಸಮಿತಿಯು ತೀರ್ಮಾನಿಸಬೇಕಾಗುತ್ತದೆ.

ವರದಿಯಲ್ಲಿ ಪೋಲಿಯೋ ಅಲ್ಲದ ಎಂಟೆರೋ ವೈರಾಣು ಎಂದಿದ್ದರೆ ಪೋಲಿಯೋ ಎಂದು ಭಯಪಡಬೇಕಾಗಿಲ್ಲ. ಇತ್ತೀಚೆಗೆ ಹನಿ ಲಸಿಕೆ ಪಡೆದ ಮಗುವಿನ ಮಲದಲ್ಲಿ ಲಸಿಕೆಯ ವೈರಾಣು ಕಂಡುಬರುವುದೂ ನಿರೀಕ್ಷಿತವೇ. ಪರೀಕ್ಷೆಗೆ ಶುಲ್ಕವಿಲ್ಲ. ಇಂತಹ ಬಲಹೀನತೆ ಕಂಡ ದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರಿ ಆಸ್ಪತ್ರೆಗೆ ತಿಳಿಸತಕ್ಕದ್ದು.