ಬಳಸಿದ ಕಾರಿನ ಆನ್‌ಲೈನ್ ಮಾರಾಟದಲ್ಲಿ ವಂಚನೆ

ಬಳಸಿದ ಕಾರಿನ ಆನ್‌ಲೈನ್ ಮಾರಾಟದ ವಂಚನೆ ಎಂಬುದು, ಅಂತರಜಾಲದಲ್ಲಿ ಕಾರು ಮಾರಾಟದ ಜಾಹೀರಾತು ನೀಡಿದ ಮಾಲೀಕರಿಂದ ಖರೀದಿದಾರರ ವೇಷದಲ್ಲಿ ಬಂದವರು ಹಣವನ್ನೋ ವಾಹನವನ್ನೋ ದಾಖಲೆಗಳನ್ನೋ ಕಸಿದುಕೊಳ್ಳುವ ಅಪರಾಧಗಳಿಗೆ ಇರುವ ಸಾಮಾನ್ಯ ಹೆಸರು. ಹಳೆಯ ವಾಹನ ಕೊಳ್ಳುವವನು ಮೋಸಹೋಗಬಹುದೆಂಬುದು ಎಲ್ಲರೂ ಬಲ್ಲ ಸಂಗತಿ. ಮಾರುವವನೂ ಅಷ್ಟೇ ಸುಲಭವಾಗಿ ಮೋಸಹೋಗುತ್ತಾನೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಭಾರತದಲ್ಲಿ ಮಾರಾಟಗಾರನಿಗೆ ಒದಗುವ ನಷ್ಟ ಎರಡು ಬಗೆಯದು. ವ್ಯವಹಾರದ ಹೊತ್ತಿನಲ್ಲಿ ಹಣ ಅಥವಾ ಕಾರು ಕೈತಪ್ಪುವುದು ಒಂದು. ಕಾರು ಹೋದ ಮೇಲೂ ನೋಂದಣಿಯಲ್ಲಿ ಹಳೆಯ ಮಾಲೀಕನ ಹೆಸರೇ ಉಳಿದು, ಬೇರೊಬ್ಬರು ಮಾಡಿದ ಅಪಘಾತಕ್ಕೆ ಅವನು ಹೊಣೆಯಾಗುವುದು ಇನ್ನೊಂದು. ಎರಡನೆಯದರ ಕಡೆಗೆ ಗಮನ ಹೋಗುವುದು ಕಡಿಮೆ. ಅದರ ಬೆಲೆ ಮಾತ್ರ ಕಾರಿನ ಬೆಲೆಯನ್ನೇ ಮೀರಬಹುದು.

ಹಣ ಪಾವತಿಯ ಹೆಸರಿನಲ್ಲಿ ನಡೆಯುವ ಮೋಸ

ದೇಶದ ಅನೇಕ ಕಡೆ ಪೊಲೀಸರು ದಾಖಲಿಸಿರುವ ಒಂದು ಮಾದರಿ ಹೀಗಿದೆ. ಜಾಹೀರಾತು ಪ್ರಕಟವಾದ ಸ್ವಲ್ಪ ಹೊತ್ತಿನಲ್ಲೇ ಕರೆಮಾಡುವ ವ್ಯಕ್ತಿ ತಾನು ಸೇನೆಯಲ್ಲೋ ಅರೆಸೇನಾ ಪಡೆಯಲ್ಲೋ ಇರುವುದಾಗಿಯೂ ವರ್ಗಾವಣೆಯ ಗಡಿಬಿಡಿಯಲ್ಲಿರುವುದಾಗಿಯೂ ಹೇಳುತ್ತಾನೆ. ಸಮವಸ್ತ್ರದ ಭಾವಚಿತ್ರ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಅವು ಇನ್ನಾರದೋ ಕದ್ದ ಚಿತ್ರಗಳು ಇಲ್ಲವೇ ತಿದ್ದಿದವು. ಕಾರನ್ನು ಕಣ್ಣಿನಿಂದ ನೋಡದೆ, ಒಂದು ರೂಪಾಯಿಯನ್ನೂ ಇಳಿಸಿ ಕೇಳದೆ ಅವನು ಬೆಲೆಗೆ ಒಪ್ಪುತ್ತಾನೆ. ಸೊಪ್ಪಿನ ಕಟ್ಟಿಗೂ ಚೌಕಾಸಿ ನಡೆಯುವ ದೇಶದಲ್ಲಿ ಈ ಒಂದು ಲಕ್ಷಣವೇ ಅನುಮಾನಕ್ಕೆ ಸಾಕು.

ಮುಂದಿನ ಹೆಜ್ಜೆ ಮುಂಗಡ. ನಂಬಿಕೆ ಹುಟ್ಟಿಸಲು ಮೊದಲು ಐದೋ ಹತ್ತೋ ರೂಪಾಯಿ ನಿಜವಾಗಿಯೇ ಜಮೆಯಾಗುತ್ತದೆ. ಅನಂತರ ಒಂದು ಕ್ಯೂಆರ್ ಕೋಡ್ ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವುದೆಂದು ತಿಳಿಸಲಾಗುತ್ತದೆ. ವಾಸ್ತವದಲ್ಲಿ ಯುಪಿಐ ವ್ಯವಸ್ಥೆಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಾವತಿಗೆ ಪಿನ್ ಒತ್ತಿದರೆ ಹಣ ಹೊರಗೆ ಹೋಗುತ್ತದೆ. ಹಣ ಕೋರುವ ವಿನಂತಿಯನ್ನು ಕಳುಹಿಸಿ ಇದೇ ಮೋಸ ನಡೆಯುತ್ತಿದ್ದ ಕಾರಣ, ವ್ಯಕ್ತಿಯಿಂದ ವ್ಯಕ್ತಿಗೆ ಅಂತಹ ವಿನಂತಿ ಕಳುಹಿಸುವ ಸೌಲಭ್ಯವನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಕ್ಯೂಆರ್ ಕೋಡಿನ ಮಾರ್ಗ ಇನ್ನೂ ತೆರೆದೇ ಇದೆ.

‘ಐದು ಸಾವಿರದ ಬದಲು ಐವತ್ತು ಸಾವಿರ ಕಳುಹಿಸಿಬಿಟ್ಟೆ, ಉಳಿದದ್ದನ್ನು ಹಿಂದಿರುಗಿಸಿ’ ಎಂಬ ಅಳಲೂ ಇದೇ ಜಾತಿಯದು. ಜೊತೆಗೆ ಬರುವ ಎಸ್‌ಎಂಎಸ್ ಬ್ಯಾಂಕಿನದಲ್ಲ, ಮೋಸಗಾರನದು. ಸಂದೇಶವಾಗಲಿ ಪಾವತಿಯ ಸ್ಕ್ರೀನ್‌ಶಾಟ್ ಆಗಲಿ ಹಣವಲ್ಲ. ಮಾರಾಟಗಾರನು ತನ್ನ ಬ್ಯಾಂಕಿನ ಆ್ಯಪ್ ಅಥವಾ ಪಾಸ್‌ಪುಸ್ತಕದಲ್ಲಿ ಶಿಲ್ಕನ್ನು ತಾನೇ ನೋಡಿ ಖಚಿತಪಡಿಸಿಕೊಂಡಾಗ ಮಾತ್ರ ಹಣ ಬಂದಂತೆ. ಚೆಕ್ ಅಥವಾ ಡಿಮ್ಯಾಂಡ್ ಡ್ರಾಫ್ಟ್ ಆದರೆ ಅದು ನಗದಾಗಿ ಖಾತೆಗೆ ಸೇರುವವರೆಗೆ ಕೀಲಿಕೈ ಕೊಡುವಂತಿಲ್ಲ. ಡ್ರಾಫ್ಟನ್ನೂ ನಕಲು ಮಾಡಲಾಗುತ್ತದೆ, ಅದನ್ನು ಬ್ಯಾಂಕ್ ಮುಚ್ಚಿದ ಶನಿವಾರ ಸಂಜೆ ತಂದುಕೊಡುವುದೂ ಉಂಟು. ಎರಡು ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಆರ್‌ಟಿಜಿಎಸ್ ಅನುಕೂಲ. ಅದು 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ಲಭ್ಯವಿದೆ. ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದನ್ನು 1961ರ ಆದಾಯ ತೆರಿಗೆ ಕಾಯ್ದೆಗೆ 2017ರಲ್ಲಿ ಸೇರಿಸಿದ 269ಎಸ್‌ಟಿ ಕಲಮು ನಿಷೇಧಿಸಿತು. ದಂಡ ಬೀಳುವುದು ಹಣ ಪಡೆದವನ ಮೇಲೆ, ಅಂದರೆ ಮಾರಾಟಗಾರನ ಮೇಲೆ.

ನಕಲಿ ಮಧ್ಯವರ್ತಿ

ಇದು ಹೆಚ್ಚು ಕುಟಿಲವಾದ ಮೋಸ. ಮೋಸಗಾರನು ನಿಜವಾದ ಜಾಹೀರಾತಿನ ಚಿತ್ರಗಳನ್ನು ಬಳಸಿಕೊಂಡು, ಅದೇ ಕಾರಿಗೆ ಕಡಿಮೆ ಬೆಲೆಯ ಮತ್ತೊಂದು ಜಾಹೀರಾತು ಹಾಕುತ್ತಾನೆ. ಅದನ್ನು ಕಂಡು ಬಂದ ಪ್ರಾಮಾಣಿಕ ಕೊಳ್ಳುಗನಿಗೆ ‘ಕಾರು ನಮ್ಮ ಭಾವನ ಮನೆಯಲ್ಲಿದೆ, ಹೋಗಿ ನೋಡಿ, ಬೆಲೆಯ ಮಾತು ಮಾತ್ರ ಅಲ್ಲಿ ಎತ್ತಬೇಡಿ’ ಎನ್ನುತ್ತಾನೆ. ಮಾಲೀಕನಿಗೆ ‘ಬರುತ್ತಿರುವವರಿಗೆ ನಾನು ಬಾಕಿ ಕೊಡಬೇಕಿದೆ, ಅದಕ್ಕೆ ಬದಲಾಗಿ ಕಾರು ಕೊಡಿಸುತ್ತಿದ್ದೇನೆ, ನಿಮ್ಮ ಹಣ ನಾನೇ ಕಳುಹಿಸುತ್ತೇನೆ’ ಎನ್ನುತ್ತಾನೆ. ಕೊಳ್ಳುಗನು ಕಾರನ್ನು ಮೆಚ್ಚಿ ಮೋಸಗಾರನ ಖಾತೆಗೆ ಹಣ ಹಾಕುತ್ತಾನೆ. ಮಾಲೀಕನಿಗೆ ದೊರೆಯುವುದು ನಕಲಿ ರಸೀದಿ. ಕೊನೆಗೆ ಮೋಸಹೋದ ಇಬ್ಬರೂ ಒಂದೇ ಕಾರಿಗಾಗಿ ಪರಸ್ಪರ ದೂರು ಕೊಡುವಂತಾಗುತ್ತದೆ. ‘ಎಷ್ಟಕ್ಕೆ ಕೊಳ್ಳುತ್ತಿದ್ದೀರಿ, ಹಣ ಯಾರ ಖಾತೆಗೆ ಹಾಕುತ್ತೀರಿ’ ಎಂದು ಎದುರಿಗಿರುವವರನ್ನು ನೇರವಾಗಿ ಕೇಳಿದರೆ ಈ ಬಲೆ ಅಲ್ಲೇ ಹರಿಯುತ್ತದೆ.

ಕಾರು ಮತ್ತು ದಾಖಲೆಗಳ ರಕ್ಷಣೆ

ಟೆಸ್ಟ್ ಡ್ರೈವ್ ನೆಪದಲ್ಲಿ ಕಾರನ್ನು ಒಯ್ದು ಮರಳಿ ಬಾರದಿರುವುದು ಹಳೆಯ ಉಪಾಯ. ಬಂದವರ ಮೂಲ ಚಾಲನಾ ಪರವಾನಗಿಯನ್ನು ನೋಡಿ, ಮಾಲೀಕನೂ ಜೊತೆಯಲ್ಲೇ ಕುಳಿತು ಹೋಗುವುದು ವಾಡಿಕೆ. ಜಾಹೀರಾತಿನ ಚಿತ್ರದಲ್ಲಿ ನೋಂದಣಿ ಸಂಖ್ಯೆಯನ್ನು ಮರೆಮಾಡಬೇಕು. ನೋಂದಣಿ ಪತ್ರ ಮತ್ತು ಆಧಾರ್‌ನ ಚಿತ್ರಗಳನ್ನು ಅಪರಿಚಿತರಿಗೆ ಕಳುಹಿಸಬಾರದು. ಅವೇ ಚಿತ್ರಗಳು ಮುಂದಿನ ನಕಲಿ ಜಾಹೀರಾತಿಗೆ ಬಂಡವಾಳವಾಗುತ್ತವೆ.

ಹೆಸರು ವರ್ಗಾವಣೆ

1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ಅದೇ ರಾಜ್ಯದೊಳಗೆ ಕಾರು ಮಾರಿದವನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದಕ್ಕೆ ಫಾರಂ 29, ವರ್ಗಾವಣೆಯ ಅರ್ಜಿಗೆ ಫಾರಂ 30 ಬಳಕೆಯಲ್ಲಿವೆ. ಸಾಲ ತೀರಿದ ಕಾರಾದರೆ ಫಾರಂ 35ರ ಮೂಲಕ ಅಡಮಾನದ ನಮೂದನ್ನು ಮೊದಲೇ ತೆಗೆಸಬೇಕು. ಈ ಫಾರಂಗಳಿಗೆ ಖಾಲಿಯಾಗಿಯೇ ಸಹಿ ಹಾಕಿಸಿಕೊಂಡು ‘ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎನ್ನುವ ದಲ್ಲಾಳಿಗಳ ಪದ್ಧತಿಯೇ ಹೆಚ್ಚಿನ ತೊಂದರೆಗಳ ಮೂಲ. ಕಾರು ಕೈಯಿಂದ ಕೈಗೆ ಮಾರಾಟವಾಗುತ್ತ ಹೋದರೂ ದಾಖಲೆಯಲ್ಲಿ ಮೊದಲಿನವನೇ ಮಾಲೀಕನಾಗಿರುತ್ತಾನೆ.

ಇದರ ಪರಿಣಾಮವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕಾರು ಹಲವರ ಕೈ ದಾಟಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಕಾಯ್ದೆಯ ಪ್ರಕಾರ ಮಾಲೀಕ, ಪರಿಹಾರಕ್ಕೆ ಅವನೇ ಹೊಣೆ ಎಂಬುದು ಆ ತೀರ್ಪಿನ ಸಾರ. ಗಾಯಗೊಂಡವನು ಕಾರಿನ ಕೊನೆಯ ಕೊಳ್ಳುಗ ಯಾರೆಂದು ಹುಡುಕಿಕೊಂಡು ಅಲೆಯಬಾರದೆಂಬ ಕಾಳಜಿ ಅದರ ಹಿಂದಿದೆ. ಮಾರಾಟಗಾರನಿಗೆ ಕಠಿಣವೆನಿಸಿದರೂ ಈ ತರ್ಕವನ್ನು ತಳ್ಳಿಹಾಕುವುದು ಕಷ್ಟ. ವಾಹನಕ್ಕೆ ವಿಮೆ ಇಲ್ಲದಿದ್ದರೆ ಆ ಮೊತ್ತವನ್ನು ಅವನು ಸ್ವಂತ ಜೇಬಿನಿಂದಲೇ ತೆರಬೇಕಾಗುತ್ತದೆ.

ವ್ಯಾಪಾರಿಗೆ ಮಾರುವವರಿಗೆ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಒಂದಿಷ್ಟು ರಕ್ಷಣೆ ನೀಡಿವೆ. ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆದ ವ್ಯಾಪಾರಿಗೆ ಕಾರು ಒಪ್ಪಿಸಿ ಫಾರಂ 29ಸಿ ಮೂಲಕ ತಿಳಿಸಿದರೆ, ಅಲ್ಲಿಂದ ಮುಂದೆ ಅವನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಖಾಸಗಿ ಮಾರಾಟದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಕಾರು ಒಪ್ಪಿಸಿದ ತಾರೀಖು ಮತ್ತು ವೇಳೆಯನ್ನು ನಮೂದಿಸಿ ಇಬ್ಬರೂ ಸಹಿಮಾಡಿದ ಪತ್ರವೊಂದನ್ನು ಇಟ್ಟುಕೊಂಡು, ಹೆಸರು ಬದಲಾಗಿದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ನೋಡುತ್ತಿರಬೇಕು. ಬ್ಯಾಂಕ್ ಖಾತೆಗೆ ಜೋಡಿಸಿದ ಫಾಸ್ಟ್‌ಟ್ಯಾಗ್ ಅನ್ನು ಅದೇ ದಿನ ಮುಚ್ಚಿಸಬೇಕು. ಇಲ್ಲವಾದರೆ ಹೊಸ ಮಾಲೀಕನ ಟೋಲ್ ಶುಲ್ಕ ಹಳೆಯ ಮಾಲೀಕನ ಖಾತೆಯಿಂದ ಹೋಗುತ್ತಿರುತ್ತದೆ.

ದೂರು

ಹಣ ಕಳೆದುಕೊಂಡವರು ಕೂಡಲೇ 1930 ಸಹಾಯವಾಣಿಗೆ ಕರೆಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಹೋಗುವ ಮೊದಲೇ ಬ್ಯಾಂಕುಗಳು ಅದನ್ನು ತಡೆಹಿಡಿಯುವಂತೆ ಮಾಡುವುದು ಈ ವ್ಯವಸ್ಥೆಯ ಉದ್ದೇಶ. ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ಬೇರೊಬ್ಬರ ವೇಷದಲ್ಲಿ ವಂಚಿಸುವುದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.