ಗಾಳಿಯಲ್ಲಿ ತೂಗುವ ದೋಣಿ

ಕಬಿನಿ ದಂಡೆಯ ಬೈರಕುಪ್ಪೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಆಚೆ ದಡದಲ್ಲಿ, ವಯನಾಡಿನ ಪೆರಿಕ್ಕಲ್ಲೂರಿನಲ್ಲಿ, ನಮ್ಮ ಭಾವ ಹಳೇ ಅಲ್ಯೂಮಿನಿಯಂ ದೋಣಿ ಕೊಂಡುಕೊಂಡರು. ನಿಂತು ಬಲೆ ಬೀಸೋಕೆ ಸಲೀಸಾಗಲಿ ಅಂತ ಒಳಗೆ ಒಂದಡಿ ಎತ್ತರಕ್ಕೆ ಪ್ಲೈವುಡ್ ಅಟ್ಟ ಹೊಡೆದರು. ಬಂಡೆ ಥರ ಇದ್ದ ದೋಣಿ ಈಗ ಓಲಾಡುತ್ತೆ. ಮಳೆಗಾಲದಲ್ಲಂತೂ ಇಬ್ಬರು ನಿಂತರೆ ಒಂದು ಮಗ್ಗುಲಿಗೆ ವಾಲಿಕೊಂಡೇ ಇರುತ್ತೆ. ಅಟ್ಟದ ತೂಕ ಬರೀ ನಲವತ್ತು ಕೆ.ಜಿ. ಅಷ್ಟಕ್ಕೇ ಹೀಗಾ?"

ಅಷ್ಟಕ್ಕೇ ಹೀಗೆ. ಕಾರಣ ಕಂಡುಹಿಡಿದವನು ಪಿಯೆರ್ ಬೂಗೇರ್ ಎಂಬ ಫ್ರೆಂಚ್ ಗಣಿತಜ್ಞ. ಭೂಮಿಯ ಆಕಾರ ಅಳೆಯಲು 1735ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ತಂಡದಲ್ಲಿ ಅವನಿದ್ದ. ಜೊತೆಗಾರ ಲಾ ಕೊಂಡಮಿನ್ ಜೊತೆ ಜಗಳವಾಡುತ್ತ, ಆಂಡಿಸ್ ಬೆಟ್ಟಗಳಲ್ಲಿ ಚಳಿ ತಿನ್ನುತ್ತ ವರ್ಷಗಟ್ಟಲೆ ಕಳೆದ. ಅದರ ನಡುವೆಯೇ ಹಡಗುಗಳ ಲೆಕ್ಕವನ್ನೂ ಹಾಕುತ್ತಿದ್ದ. ಪುಸ್ತಕ ಅಚ್ಚಾದದ್ದು 1746ರಲ್ಲಿ. ಹಡಗಿನ ಶಾಸ್ತ್ರ ಬೆಟ್ಟದ ಮೇಲೆ ಬೆಳೆಯಿತೆಂದು ನಗಬೇಡಿ. ಸಮುದ್ರಮಟ್ಟಕ್ಕಿಂತ 700 ಮೀಟರ್ ಮೇಲಿರುವ ವಯನಾಡಿನಲ್ಲೂ ಹೊಳೆ ದಾಟಲು ದೋಣಿಯನ್ನೇ ನೆಚ್ಚಿದವರಿದ್ದಾರೆ.

ಬೂಗೇರ್ ಹೇಳಿದ್ದನ್ನು ನಾನು ತೊಟ್ಟಿಲ ಲೆಕ್ಕದಲ್ಲಿ ಹೇಳುತ್ತೇನೆ. ದೋಣಿಯನ್ನು ನೀರು ಕೆಳಗಿನಿಂದ ಹೊತ್ತಿದೆ, ನಿಜ. ಆದರೆ ಅದು ಓಲಾಡುವ ರೀತಿ ನೋಡಿದರೆ, ಮೇಲೆಲ್ಲೋ ಗಾಳಿಯಲ್ಲಿರುವ ಕಾಣದ ಕೊಕ್ಕೆಯೊಂದಕ್ಕೆ ತೂಗುಹಾಕಿದಂತಿರುತ್ತದೆ. ತೊಟ್ಟಿಲನ್ನು ಪಕ್ಕಕ್ಕೆ ತಳ್ಳಿದರೆ ವಾಪಸು ಬರುತ್ತದಲ್ಲ, ಹಾಗೆ. ಈ ಕೊಕ್ಕೆಗೆ ಬೂಗೇರ್ ಇಟ್ಟ ಹೆಸರು ಮೆಟಾಸೆಂಟರ್. ದೋಣಿ, ಜನ, ಸಾಮಾನು ಎಲ್ಲದರ ಒಟ್ಟು ಗುರುತ್ವಕೇಂದ್ರ ಕೊಕ್ಕೆಗಿಂತ ಕೆಳಗಿರುವಷ್ಟು ಕಾಲ ದೋಣಿ ನೆಟ್ಟಗಾಗುತ್ತದೆ. ಎರಡರ ನಡುವಿನ ಅಂತರವೇ ತೊಟ್ಟಿಲ ಹಗ್ಗ. ಹಗ್ಗ ಮೋಟಾದಷ್ಟೂ ದೋಣಿ ಹಗುರವಾಗಿ ಹೊರಳುತ್ತದೆ.

ಕೊಕ್ಕೆಯ ಎತ್ತರವನ್ನು ಮುಖ್ಯವಾಗಿ ತೀರ್ಮಾನಿಸುವುದು ದೋಣಿಯ ಅಗಲ. ಅದೂ ಅಗಲದ ಘನ. ಒಂದು ಮೀಟರ್ ಅಗಲದ್ದನ್ನು 1.2 ಮೀಟರ್ ಮಾಡಿ, ವಾಲಿಕೆಯನ್ನು ತಡೆಯುವ ಈ ಗುಣ 1.7 ಪಟ್ಟಾಗುತ್ತದೆ. ದುಂಡನೆಯ ಹರಿಗೋಲು ಅಷ್ಟು ಜನರನ್ನು ಹೊತ್ತೂ ಮಗುಚದಿರುವ ಗುಟ್ಟು ಇದೇ. ತೂಕ ಹೆಚ್ಚಿದರೆ ಮಾತ್ರ ಕೊಕ್ಕೆ ಕೆಳಗಿಳಿಯುತ್ತದೆ.

ಭಾವನ ದೋಣಿಯನ್ನು 3.5 ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಪ್ಪಟೆ ಡಬ್ಬ ಅಂದುಕೊಂಡೆ. ದೋಣಿ, ಎಂಜಿನ್, ಬಲೆ ಸೇರಿ 120 ಕೆ.ಜಿ., ನಿಂತ ಇಬ್ಬರು 130 ಕೆ.ಜಿ. ಅಟ್ಟವಿಲ್ಲದಿದ್ದಾಗ ಹಗ್ಗದ ಉದ್ದ ಸುಮಾರು 59 ಸೆಂ.ಮೀ. ಅಟ್ಟ ಹಾಕಿ ಅದರ ಮೇಲೆ ನಿಂತರೆ ಗುರುತ್ವಕೇಂದ್ರ 9 ಸೆಂ.ಮೀ. ಮೇಲೇರುತ್ತದೆ, ಕೊಕ್ಕೆ 15-16 ಸೆಂ.ಮೀ. ಇಳಿಯುತ್ತದೆ. ಉಳಿದದ್ದು 34. ಮರದ ತೂಕಕ್ಕಿಂತ, ಮನುಷ್ಯರನ್ನೇ ಒಂದಡಿ ಎತ್ತಿ ನಿಲ್ಲಿಸಿದ್ದು ಗುರುತ್ವಕೇಂದ್ರವನ್ನು ಮೇಲಕ್ಕೆಳೆದಿದೆ.

ಇನ್ನು ಮಳೆಗಾಲದ ವಾಲಿಕೆ. ಅಟ್ಟದಡಿ ನೀರು ನಿಂತರೆ ಕಣ್ಣಿಗೆ ಬೀಳುವುದಿಲ್ಲ, ಮಗ್ಗಿನಲ್ಲಿ ಮೊಗೆದು ಹಾಕಲೂ ಆಗುವುದಿಲ್ಲ. ಬರೀ ಮೂರು ಸೆಂ.ಮೀ. ನೀರು ಅಂದರೂ ಹೆಚ್ಚುಕಡಿಮೆ 105 ಲೀಟರ್. ನೀರು ತಳದಲ್ಲಿದೆ, ಭಾರವಿದ್ದಷ್ಟೂ ಒಳ್ಳೆಯದು ಅನ್ನುವವರುಂಟು. ಅದು ನೀರು ಸುಮ್ಮನೆ ಕೂತರೆ ಸರಿ. ದೋಣಿ ಎಡಕ್ಕೆ ವಾಲಿದ ಕೂಡಲೇ ನೀರೂ ಎಡಕ್ಕೆ ಓಡಿ ಅಲ್ಲೇ ಕೂರುತ್ತದೆ. ಅದೇ ದೋಣಿಗೆ ಈ ಓಟವನ್ನೂ ಸೇರಿಸಿ ಲೆಕ್ಕ ಹಾಕಿದರೆ ಹಗ್ಗ ಸೊನ್ನೆಗಿಂತ ಕೆಳಗೆ ಹೋಗುತ್ತದೆ: ಇಬ್ಬರು ನಿಂತಿರುವಾಗ ದೋಣಿಗೆ ನೆಟ್ಟಗಿರಲು ಸಾಧ್ಯವೇ ಇಲ್ಲ.

ಪರಿಹಾರ ಪೆರಿಕ್ಕಲ್ಲೂರಿನಿಂದ ಮೇಲ್ಹೊಳೆಯಲ್ಲೇ ಇದೆ. ಕುರುವಾ ದ್ವೀಪದಲ್ಲಿ ಪ್ರವಾಸಿಗರನ್ನು ದಾಟಿಸುವ ಬಿದಿರಿನ ತೆಪ್ಪ ನೋಡಿ. ಗೆಣ್ಣುಗೆಣ್ಣಿಗೂ ಬಿದಿರು ತನ್ನೊಳಗೆ ಅಡ್ಡಗೋಡೆ ಕಟ್ಟಿಕೊಂಡಿರುತ್ತದೆ; ಒಂದು ಗೆಣ್ಣು ಸೀಳಿದರೂ ಪಕ್ಕದ್ದಕ್ಕೆ ನೀರು ಹೋಗದು. ಅಟ್ಟದಡಿ ಉದ್ದಕ್ಕೆ ನಟ್ಟನಡುವೆ ನೀರು ಸೋರದ ಒಂದು ಹಲಗೆ ಕೂರಿಸಿದರೆ ನೀರಿನ ಓಟದ ಕೆಡುಕು ಕಾಲುಭಾಗಕ್ಕಿಳಿಯುತ್ತದೆ. ಅಗಲದ ಘನ ಈ ಸಲ ನಮ್ಮ ಕಡೆ. ಇನ್ನೂ ಒಳ್ಳೆಯದು ಆ ಜಾಗವನ್ನೇ ಫೋಮಿನಿಂದ ತುಂಬುವುದು. ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ತುರುಕುವವರು ಎಚ್ಚರ, ಎಂಜಿನ್ನಿನ ಪೆಟ್ರೋಲ್ ತಾಗಿದರೆ ಅದು ಬೆಲ್ಲದಂತೆ ಕರಗುತ್ತದೆ.

ಪ್ಲೈವುಡ್ ವಿಷಯಕ್ಕೂ ಒಂದು ಮಾತು. ಗೆದ್ದಲು ಹಿಡಿಯದಿರಲೆಂದು ತಾಮ್ರದ ಉಪ್ಪು ಕುಡಿಸಿದ ಮರ ಒದ್ದೆಯಾಗಿ ಅಲ್ಯೂಮಿನಿಯಂಗೆ ತಗುಲಿಕೊಂಡಿದ್ದರೆ, ಅಲ್ಯೂಮಿನಿಯಂ ಸವೆದು ಸೂಜಿತೂತು ಬೀಳುತ್ತದೆ. ಇದೇ ನಂಟನ್ನು 1824ರಲ್ಲಿ ಹಂಫ್ರಿ ಡೇವಿ ಉಪಕಾರಕ್ಕೆ ಬಳಸಿದ್ದ: ಬ್ರಿಟಿಷ್ ಹಡಗುಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣದ ತುಂಡು ಜೋಡಿಸಿದ, ತುಂಡು ಸವೆಯಿತು, ತಾಮ್ರ ಉಳಿಯಿತು. ಆದರೆ ತಾಮ್ರ ಕರಗದಿದ್ದರೆ ಅದರ ವಿಷವೂ ನೀರಿಗಿಳಿಯದು. ಹೊದಿಕೆಯ ಮೇಲೆ ಚಿಪ್ಪುಜೀವಿಗಳು ಸಂತೆ ಕಟ್ಟಿ ಹಡಗುಗಳ ವೇಗ ಕುಂದಿತು. ಕಬಿನಿಯ ಸಿಹಿನೀರಿನಲ್ಲಿ ಸವೆತ ಸಮುದ್ರದಷ್ಟು ಬಿರುಸಲ್ಲ. ಆದರೂ ಭಾವನವರು ಮರಕ್ಕೂ ಲೋಹಕ್ಕೂ ನಡುವೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ ಕೊಡಲಿ, ಅಟ್ಟವನ್ನು ನಾಲ್ಕು ಇಂಚಿಗೆ ಇಳಿಸಲಿ.